ಸದ್ದಿಲ್ಲದ ಬೀದಿ, ಒಂದು ಶಿಳ್ಳೆ: 'ಎಂ' ಜೊತೆ ಒಂಬತ್ತು ವರ್ಷ

ಫ್ರಿಟ್ಜ್ ಲಾಂಗ್ ನಿರ್ದೇಶಿಸಿದ 1931ರ ಜರ್ಮನ್ ಚಿತ್ರ 'ಎಂ'. ಇದರ ಡಿಸ್ಕನ್ನು ಮೊದಲ ಸಲ ಹಾಕಿದಾಗ ನಡುವೆ ಎದ್ದು ಹೋಗಿ ಸ್ಪೀಕರಿನ ತಂತಿ ಅಲುಗಾಡಿಸಿ ನೋಡಿದ್ದೆ. ಬೀದಿಯಲ್ಲಿ ಪೊಲೀಸರು ನಡೆಯುತ್ತಿದ್ದರೂ ಬೂಟಿನ ಸದ್ದಿಲ್ಲ! ತಂತಿ ಸರಿಯಾಗಿಯೇ ಇತ್ತು. ಇದು ಲಾಂಗ್ ಅವರ ಮೊದಲ ಮಾತಿನ ಚಿತ್ರ. ಕೈಗೆ ಸಿಕ್ಕ ಶಬ್ದವನ್ನು ಅವರು ಜಿಪುಣನ ಹಾಗೆ ಖರ್ಚು ಮಾಡಿದ್ದಾರೆ. ಹಿನ್ನೆಲೆ ಸಂಗೀತವೇ ಇಲ್ಲ. ಇರುವುದು ನಾರ್ವೆಯ ಸಂಗೀತ ಸಂಯೋಜಕ ಗ್ರೀಗ್‌ನ ಒಂದು ರಾಗ, ಅದೂ ಮಕ್ಕಳನ್ನು ಕೊಲ್ಲುವವನ ಶಿಳ್ಳೆಯಲ್ಲಿ. ಕೊಲೆಗಾರನಾಗಿ ನಟಿಸಿದ ಪೀಟರ್ ಲೋರೆಗೆ ಶಿಳ್ಳೆ ಬರುತ್ತಿರಲಿಲ್ಲವಂತೆ, ನಿರ್ದೇಶಕರೇ ಹಾಕಿದರು. ಕೊನೆಗೆ ಆ ಶಿಳ್ಳೆಯಿಂದ ಕೊಲೆಗಾರನನ್ನು ಗುರುತಿಸುವವನೂ ಬಲೂನು ಮಾರುವ ಒಬ್ಬ ಕುರುಡ.

ಕೊಲೆಗಾರ ಯಾರೆಂಬ ಗುಟ್ಟು ಬೇಗನೆ ಬಯಲಾಗುತ್ತದೆ. ಆದ್ದರಿಂದಲೇ ಏಳೆಂಟು ಸಲ ನೋಡಿದರೂ ಚಿತ್ರ ಹಳಸಲಿಲ್ಲ. ಮೊದಮೊದಲು ನನಗೆ ಬೇಸರ ತರುತ್ತಿದ್ದುದು ನಡುವಿನ ತನಿಖೆಯ ಭಾಗ: ನಕಾಶೆ, ಬೆರಳಚ್ಚು, ಹೊಗೆ ತುಂಬಿದ ಕೋಣೆಯಲ್ಲಿ ಮುಗಿಯದ ಮಾತು. ಈಗ ಅದೇ ಇಷ್ಟ. ಕೊಲೆಗಾರನನ್ನು ಹಿಡಿಯಲು ಪೊಲೀಸರ ಸಭೆ, ಕಳ್ಳರ ಸಭೆ ಎರಡೂ ಒಂದೇ ಹೊತ್ತಿಗೆ ನಡೆಯುತ್ತವೆ. ಕಳ್ಳರ ನಾಯಕ ಕೈ ಬೀಸಲು ಆರಂಭಿಸಿದರೆ ಆ ಕೈಬೀಸನ್ನು ಮುಗಿಸುವವರು ಪೊಲೀಸ್ ಮುಖ್ಯಸ್ಥರು. ಇದು ಕಣ್ಣಿಗೆ ಬಿದ್ದದ್ದು ನಾಲ್ಕನೆಯ ಸಲ. ಕಳ್ಳರೇ ನಡೆಸುವ ವಿಚಾರಣೆಯಲ್ಲಿ ಲೋರೆ, ಬೇಡವೆಂದರೂ ಮಾಡಲೇಬೇಕಾಗುತ್ತದೆ ಎಂದು ಚೀರುವಾಗ ಯಾರ ಪಕ್ಷ ವಹಿಸಬೇಕೆಂದು ಇಂದಿಗೂ ತಿಳಿಯುವುದಿಲ್ಲ.

ಕೊಳ್ಳುವವರಿಗೆ ಒಂದು ಮಾತು. ನಾನು ಮೊದಲು ಅಗ್ಗಕ್ಕೆ ತರಿಸಿದ ಡಿಸ್ಕಿನಲ್ಲಿ ಚಿತ್ರಕ್ಕೆ ಕತ್ತರಿ ಬಿದ್ದಿತ್ತು, ಬಿಳಿ ಗೋಡೆಯ ಮೇಲೆ ಬಿಳಿ ಉಪಶೀರ್ಷಿಕೆ ಬೇರೆ. ಮಾರಿದವರು ಉತ್ತರಿಸಲೇ ಇಲ್ಲ. ಸುಮಾರು 110 ನಿಮಿಷಗಳ ಪುನಶ್ಚೇತನಗೊಂಡ ಆವೃತ್ತಿಯನ್ನೇ ಕೇಳಿ ಪಡೆಯಿರಿ.

ನನ್ನ ಡಿಸ್ಕಿನಲ್ಲಿ ಕನ್ನಡ ಉಪಶೀರ್ಷಿಕೆಯಿಲ್ಲ. ಅಮ್ಮನಿಗೆ ನಾನೇ ಓದಿ ಹೇಳುತ್ತಿದ್ದೆ. ಪುಟ್ಟ ಎಲ್ಸಿಯ ತಾಯಿ ಮೆಟ್ಟಿಲ ಬಳಿ ನಿಂತು ಮಗಳ ಹೆಸರು ಕೂಗುತ್ತಾಳೆ. ಊಟದ ಮೇಜಿನ ಮೇಲೆ ಖಾಲಿ ತಟ್ಟೆ, ಹುಲ್ಲಿನ ಮೇಲೆ ಉರುಳಿ ನಿಂತ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು. ಓದಿ ಹೇಳಲು ಏನೂ ಇರಲಿಲ್ಲ. "ಸಾಕು, ಆರಿಸು" ಎಂದಳು ಅಮ್ಮ. ಮರುದಿನ ಸಂಜೆ ದೀಪ ಹಚ್ಚಿದ ಮೇಲೆ, "ಆ ಶಿಳ್ಳೆಯವನು ಸಿಕ್ಕಿದನೇನೋ?" ಎಂದು ಅವಳೇ ಬಂದು ಕುಳಿತಳು.