ಅಪೋಫಿಸ್‌ನ ಜಾಡು ಹಿಡಿಯಲು ಹೊರೈಜನ್ಸ್, ಎಂಪಿಸಿ, ಸ್ಟೆಲೇರಿಯಮ್: ಒಂದು ಹೋಲಿಕೆ

2029ರ ಏಪ್ರಿಲ್ 13ರ ರಾತ್ರಿ ಕಳೆದು, ನಮ್ಮ ಗಡಿಯಾರದಲ್ಲಿ 14ರ ನಸುಕಿನ 3 ಗಂಟೆ 16 ನಿಮಿಷದ ಹೊತ್ತಿಗೆ, 99942 ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಕೇಂದ್ರದಿಂದ ಸುಮಾರು 38,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ಭೂಸ್ಥಿರ ಉಪಗ್ರಹಗಳು ಸುತ್ತುವುದು 42,164 ಕಿ.ಮೀ.ನಲ್ಲಿ, ಇದು ಅವಕ್ಕಿಂತಲೂ ಒಳಗೆ. ಬರಿಗಣ್ಣಿಗೆ ಕಾಣುವಷ್ಟು ಬೆಳಗುವ ಈ ಕಲ್ಲನ್ನು ಆಕಾಶದಲ್ಲಿ ಎಲ್ಲಿ ಹುಡುಕಬೇಕೆಂದು ತಿಳಿಯಲು ಸಾಮಾನ್ಯವಾಗಿ ಬಳಸುವ ಸಾಧನಗಳು ಮೂರು: ನಾಸಾದ ಜೆಪಿಎಲ್ ಪ್ರಯೋಗಾಲಯದ ಹೊರೈಜನ್ಸ್ ಎಂಬ ಜಾಲಸೇವೆ, ಕ್ಷುದ್ರಗ್ರಹಗಳ ಅಂತರರಾಷ್ಟ್ರೀಯ ದಾಖಲೆ ಕೇಂದ್ರವಾದ ಎಂಪಿಸಿ (ಮೈನರ್ ಪ್ಲಾನೆಟ್ ಸೆಂಟರ್), ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಮ್ ತಂತ್ರಾಂಶ. ಕ್ಷುದ್ರಗ್ರಹ ದೂರವಿದ್ದಾಗ ಮೂರರ ಉತ್ತರವೂ ಹೆಚ್ಚುಕಡಿಮೆ ಒಂದೇ. ಹತ್ತಿರ ಬಂದಂತೆ ಒಂದು ಪೂರ್ತಿ ಕೈಕೊಡುತ್ತದೆ.

ಆ ಒಂದು ಸ್ಟೆಲೇರಿಯಮ್. ಎಫ್2 ಒತ್ತಿ, ಪ್ಲಗಿನ್ ಪಟ್ಟಿಯಲ್ಲಿ ಸೋಲಾರ್ ಸಿಸ್ಟಮ್ ಎಡಿಟರ್ ಆರಿಸಿ, ಪ್ರೋಗ್ರಾಮನ್ನು ಮುಚ್ಚಿ ತೆರೆದರೆ ಎಂಪಿಸಿಯ ಕಕ್ಷಾ ಅಂಶಗಳನ್ನು (ಕಕ್ಷೆಯ ಆಕಾರ, ಸ್ಥಾನ ಹೇಳುವ ಅಂಕಿಗಳನ್ನು) ಒಳಗೆ ತರಬಹುದು. ಎಫ್6ರಲ್ಲಿ ನಿಮ್ಮ ಊರು ಸರಿಯಿರಬೇಕು. ಇಷ್ಟಾದರೆ ನಕ್ಷತ್ರಗಳ ನಡುವೆ ಚುಕ್ಕೆ ಚೆಲುವಾಗಿ ಚಲಿಸುತ್ತದೆ. ಆದರೆ ಸ್ಟೆಲೇರಿಯಮ್ ಅದನ್ನು ಸೂರ್ಯನ ಸುತ್ತ ಒಂದೇ ದೀರ್ಘವೃತ್ತದಲ್ಲಿ ಓಡಿಸುತ್ತದೆ. ಭೂಮಿ ಅದನ್ನು ಎಳೆಯುತ್ತದೆ ಎಂಬುದು ಆ ಲೆಕ್ಕದಲ್ಲೇ ಇಲ್ಲ. ನಿಜದಲ್ಲಿ ಆ ರಾತ್ರಿ ಭೂಮಿಯನ್ನು ಕುರಿತ ಅಪೋಫಿಸ್‌ನ ಚಲನೆಯ ದಿಕ್ಕು ಸುಮಾರು 27 ಡಿಗ್ರಿ ತಿರುಗುತ್ತದೆ. ಕಕ್ಷೆಯ ಅರೆ ದೀರ್ಘಾಕ್ಷ (ದೀರ್ಘವೃತ್ತದ ಉದ್ದದ ಅರ್ಧ) 0.92 ಖಗೋಳಮಾನದಿಂದ (ಸೂರ್ಯ-ಭೂಮಿಯ ಸರಾಸರಿ ದೂರ 1 ಖಗೋಳಮಾನ) 1.10ಕ್ಕೆ ಹಿಗ್ಗುತ್ತದೆ, ಸೂರ್ಯನ ಒಂದು ಸುತ್ತಿಗೆ ಬೇಕಾಗುವ ಕಾಲ 324 ದಿನದಿಂದ ಸುಮಾರು 420 ದಿನಕ್ಕೆ ಏರುತ್ತದೆ. ಹಳೆಯ ಅಂಶಗಳನ್ನು ಹಾಕಿದರೆ ಆಮೇಲಿನದು ತಪ್ಪು, ಹೊಸದನ್ನು ಹಾಕಿದರೆ ಹಿಂದಿನದು ತಪ್ಪು. ಅತಿ ಸಮೀಪದ ಕ್ಷಣದ್ದೇ ಅಂಶಗಳನ್ನು ಕೊಟ್ಟರೂ ಅರ್ಧ ಗಂಟೆಯಲ್ಲಿ ಸುಮಾರು 400 ಕಿ.ಮೀ. ಆಚೀಚೆ ಆಗಿರುತ್ತದೆ. ಪೈಥಾನ್‌ನಲ್ಲಿ ಸ್ಕೈಫೀಲ್ಡ್ ಎಂಬ ಲೈಬ್ರರಿ ಬಳಸಿ ಎಂಪಿಸಿ ಪಟ್ಟಿಯಿಂದ ಲೆಕ್ಕ ಹಾಕುವವರಿಗೂ ಇದೇ ಮಿತಿ, ಅಲ್ಲಿರುವುದೂ ಒಂದೇ ದೀರ್ಘವೃತ್ತದ ಕೆಪ್ಲರ್ ಕಕ್ಷೆಯೇ.

ಜೆಪಿಎಲ್‌ನ ಹೊರೈಜನ್ಸ್ ಕಣ್ಣಿಗೆ ಒಣ ಅಂಕಿಗಳ ಕೋಷ್ಟಕ. ಆದರೂ ಆ ರಾತ್ರಿಗೆ ನಮ್ಮ ಆಯ್ಕೆ ಅದೇ. ಗ್ರಹಗಳ, ಚಂದ್ರನ ಎಳೆತವಷ್ಟೇ ಅಲ್ಲ, ಬಿಸಿಲಲ್ಲಿ ಕಾದ ಮೈ ಶಾಖ ಹೊರಸೂಸುವಾಗ ಹುಟ್ಟುವ ಯಾರ್ಕೋವ್‌ಸ್ಕಿ ತಳ್ಳುವಿಕೆಯನ್ನೂ ಅದು ಸೇರಿಸಿಕೊಳ್ಳುತ್ತದೆ. ಅಪೋಫಿಸ್‌ನ ಅರೆ ದೀರ್ಘಾಕ್ಷ ಇದರಿಂದ ವರ್ಷಕ್ಕೆ ಸುಮಾರು 200 ಮೀಟರ್ ಕುಗ್ಗುತ್ತದೆ. ಕೇಳಲು ಅತ್ಯಲ್ಪ, ವರ್ಷಗಟ್ಟಲೆ ಕೂಡಿದಾಗ ಅಲ್ಲ.

ಬಳಸುವ ಬಗೆ: ಆಬ್ಸರ್ವರ್ ಟೇಬಲ್ ಆರಿಸಿ, ಗುರಿಯ ಜಾಗದಲ್ಲಿ 99942; ಎಂದು ಬರೆಯಿರಿ. ಆ ಅರ್ಧವಿರಾಮ ಚಿಹ್ನೆ ಬಿಡಬೇಡಿ. ಬರೀ 4 ಎಂದರೆ ಮಂಗಳ, 4; ಎಂದರೆ ವೆಸ್ಟಾ. ಹಂತ 1 ನಿಮಿಷ ಇರಲಿ. ಕಾಲಂಗಳಲ್ಲಿ 1 (ಸ್ಥಾನ), 3 (ವೇಗ), 4 (ದಿಗಂಶ, ಅಂದರೆ ಉತ್ತರದಿಂದ ಅಳೆದ ದಿಕ್ಕು, ಮತ್ತು ಎತ್ತರ), 9 (ಕಾಂತಿಮಾನ), 20 (ದೂರ), 36 (ಅನಿಶ್ಚಿತತೆ) ಸಾಕು. ಎತ್ತರ ಋಣಾತ್ಮಕವಾಗಿದ್ದರೆ ಅದು ದಿಗಂತದ ಕೆಳಗಿದೆ.

ತಪ್ಪುವುದು ಮುಖ್ಯವಾಗಿ ಎರಡು ಕಡೆ. ಮೊದಲನೆಯದು ಸ್ಥಳ. ಬೆಂಗಳೂರಿನವರು ಕಾವಲೂರು ವೀಕ್ಷಣಾಲಯದ 220 ಎಂಬ ಸಂಕೇತ ಹಾಕಿ ಬಿಡುವುದುಂಟು. ನೇರ ದೂರ ಸುಮಾರು 140 ಕಿ.ಮೀ., 40,000 ಕಿ.ಮೀ. ಆಚೆಯ ವಸ್ತುವಿಗೆ ಅದು 0.2 ಡಿಗ್ರಿಯವರೆಗೆ ವ್ಯತ್ಯಾಸ ತರುತ್ತದೆ. ಭೂಕೇಂದ್ರದ 500 ಹಾಕಿದರೆ ವ್ಯತ್ಯಾಸ 9 ಡಿಗ್ರಿ ದಾಟಬಹುದು. ನಿಮ್ಮದೇ ರೇಖಾಂಶ, ಅಕ್ಷಾಂಶ ಕೊಡಿ. ಎಪಿಐ (ಪ್ರೋಗ್ರಾಮಿನಿಂದ ಕೇಳುವ ದಾರಿ) ಮೂಲಕ ಕೊಡುವಾಗ ಊರಿನ ಎತ್ತರ ಕಿಲೋಮೀಟರಿನಲ್ಲಿರಬೇಕು: ಬೆಂಗಳೂರಿಗೆ 0.92 ಎಂದು. ಬದಲಿಗೆ 920 ಎಂದು ಬರೆದರೆ ನೀವು ಬಾಹ್ಯಾಕಾಶದಲ್ಲಿ ನಿಂತಿದ್ದೀರಿ.

ಎರಡನೆಯದು ಕಾಲ. ಆಬ್ಸರ್ವರ್ ಟೇಬಲ್ ಬರುವುದು ಯುಟಿಯಲ್ಲಿ (ವಿಶ್ವಕಾಲದಲ್ಲಿ), ಅದಕ್ಕೆ 5 ಗಂಟೆ 30 ನಿಮಿಷ ಸೇರಿಸಿದರೆ ನಮ್ಮ ಸಮಯ. ವೆಕ್ಟರ್ ಕೋಷ್ಟಕ (x, y, z ಸ್ಥಾನ-ವೇಗಗಳದ್ದು) ಮಾತ್ರ ಟಿಡಿಬಿ ಎಂಬ ಬೇರೆ ಕಾಲಮಾನದಲ್ಲಿರುತ್ತದೆ, ಇವೆರಡರ ನಡುವೆ ಸುಮಾರು 69 ಸೆಕೆಂಡ್ ಅಂತರ. ಗಂಟೆಗೆ 40 ಡಿಗ್ರಿ ಓಡುವ ವಸ್ತುವಿಗೆ 69 ಸೆಕೆಂಡ್ ಎಂದರೆ ಮುಕ್ಕಾಲು ಡಿಗ್ರಿ, ಹುಣ್ಣಿಮೆ ಚಂದ್ರನ ಒಂದೂವರೆ ಅಗಲ. ದೂರದರ್ಶಕದ ನೋಟದಿಂದ ಅದು ಆಗಲೇ ಹೊರಗೆ.

ಎಂಪಿಸಿಯ ಎಫೆಮೆರಿಸ್ (ಸಮಯವಾರು ಸ್ಥಾನಪಟ್ಟಿ) ಸೇವೆ ಹೊರೈಜನ್ಸ್ ಮತ್ತು ಸ್ಟೆಲೇರಿಯಮ್ ನಡುವೆ ನಿಲ್ಲುತ್ತದೆ. ಫಾರಂ ಸರಳ, ಸೂರ್ಯ ದಿಗಂತದ ಮೇಲಿದ್ದಾಗಿನ, ವಸ್ತು ಕೆಳಗಿದ್ದಾಗಿನ ಸಾಲುಗಳನ್ನು ಕೈಬಿಡುವ ಆಯ್ಕೆಗಳಿವೆ, ವೇಗವನ್ನು ನಿಮಿಷಕ್ಕೆ ಆರ್ಕ್‌ಸೆಕೆಂಡ್ ಲೆಕ್ಕದಲ್ಲಿ (ಒಂದು ಡಿಗ್ರಿಗೆ 3,600 ಆರ್ಕ್‌ಸೆಕೆಂಡ್) ಕೇಳಬಹುದು. ಫಲಿತಾಂಶದ ಮೇಲೆ 'ಪರ್ಟರ್ಬ್ಡ್ ಎಫೆಮೆರಿಸ್' (ಗ್ರಹಗಳ ಎಳೆತ ಸೇರಿಸಿದ ಪಟ್ಟಿ) ಎಂದಿದೆಯೇ ನೋಡಿ. ಇಲ್ಲವಾದರೆ ಸಮೀಪದ ವಸ್ತುವಿಗೆ ಆ ಅಂಕಿ ನಂಬಬೇಡಿ. ಎಂಪಿಸಿ ನಿಜವಾಗಿ ಗೆಲ್ಲುವುದು ಹೊಸದಾಗಿ ಕಂಡ ವಸ್ತುಗಳಲ್ಲಿ. 2024ರ ಸೆಪ್ಟೆಂಬರ್ 4ರಂದು ಫಿಲಿಪ್ಪೀನ್ಸ್‌ನ ಲುಸಾನ್ ಮೇಲೆ ಉರಿದ ಸುಮಾರು 1 ಮೀಟರ್‌ನ 2024 ಆರ್‌ಡಬ್ಲ್ಯೂ1 ಪತ್ತೆಯಾದದ್ದು ಅದಕ್ಕೆ ಕೆಲವೇ ಗಂಟೆಗಳ ಮುಂಚೆ. ಅಂಥವು ದೃಢಪಡುವ ಮುನ್ನ ತಾತ್ಕಾಲಿಕ ಹೆಸರಲ್ಲಿ ಎಂಪಿಸಿಯ ದೃಢೀಕರಣ ಪುಟದಲ್ಲಿರುತ್ತವೆ, ಹೊರೈಜನ್ಸ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಸ್ಟೆಲೇರಿಯಮ್ಮನ್ನು ಪಕ್ಕಕ್ಕಿಡಬೇಕಿಲ್ಲ. ಹೊರೈಜನ್ಸ್ ಕೊಟ್ಟ ಸ್ಥಾನಗಳನ್ನು 5 ನಿಮಿಷಕ್ಕೊಂದರಂತೆ ಅದರ ನಕ್ಷೆಯಲ್ಲಿ ಹುಡುಕಿ, ಪ್ರತಿ ಬಿಂದುವಿನ ಪಕ್ಕದ ನಕ್ಷತ್ರ ಗುರುತು ಹಾಕಿಕೊಳ್ಳಿ. ಹೊರೈಜನ್ಸ್‌ನ 1ನೇ ಕಾಲಂ ಜೆ2000ದ್ದು (2000ನೇ ಇಸವಿಯ ಆಕಾಶ ಚೌಕಟ್ಟಿನದು), ಆದ್ದರಿಂದ ಸ್ಟೆಲೇರಿಯಮ್‌ನಲ್ಲೂ ಜೆ2000 ನಿರ್ದೇಶಾಂಕಗಳನ್ನೇ ಓದಿ, ಆ ದಿನದ ಚೌಕಟ್ಟಿನ 'ಆನ್ ಡೇಟ್' ಸಾಲನ್ನಲ್ಲ.