ತಮಿಳೋ, ಭೋಜಪುರಿಯೋ: ಕಲಿಯಹೊರಟ ಕನ್ನಡಿಗರಿಗೆ

ದ್ರಾವಿಡ ಕುಟುಂಬದ ತಮಿಳಿನ ವ್ಯಾಕರಣ ಕನ್ನಡಿಗರಿಗೆ ಅಷ್ಟೇನೂ ಹೊಸದಲ್ಲ. ತೊಡಕಿರುವುದು ಲಿಪಿಯಲ್ಲಿ, ಏಕೆಂದರೆ ಅಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಿದ್ದು ಉಚ್ಚಾರವನ್ನು ಸಂದರ್ಭದಿಂದಲೇ ಊಹಿಸಬೇಕಾಗುತ್ತದೆ. ಬರಹದ ತಮಿಳಿಗೂ ಬೀದಿಯ ತಮಿಳಿಗೂ ಇರುವ ಅಂತರವಂತೂ ಹೊಸಬರನ್ನು ಕಂಗೆಡಿಸುತ್ತದೆ.

ಪಶ್ಚಿಮ ಬಿಹಾರ, ಪೂರ್ವ ಉತ್ತರ ಪ್ರದೇಶ ಮತ್ತು ನೇಪಾಳದ ತರಾಯಿ ಬಯಲಿನಲ್ಲಿ ಆಡುವ ಭೋಜಪುರಿ ಇಂಡೋ-ಆರ್ಯನ್ ಭಾಷೆ. ಹಿಂದಿ ಬಲ್ಲವರಿಗೆ ಇದು ಬೇಗ ಒಗ್ಗುತ್ತದೆ, ಲಿಂಗದ ಕಾಟವೂ ಕಡಿಮೆ: ‘ಹೋಗುತ್ತಿದ್ದೇನೆ’ ಎನ್ನಲು ಗಂಡಸೂ ಹೆಂಗಸೂ ‘ಹಮ್ ಜಾತ್ ಬಾನೀ’ ಎಂದೇ ಹೇಳುತ್ತಾರೆ. ಆದರೆ ಹಿಂದೆ ಕೈಥಿ ಲಿಪಿಯಲ್ಲಿದ್ದು ಈಗ ದೇವನಾಗರಿಯಲ್ಲಿ ಬರೆಯುವ ಈ ನುಡಿ ಸಂವಿಧಾನದ ಭಾಷಾಪಟ್ಟಿಯಾದ ಎಂಟನೆಯ ಅನುಸೂಚಿಯಲ್ಲಿಲ್ಲ. 2004ರಲ್ಲೇ ಶಾಸ್ತ್ರೀಯ ಸ್ಥಾನ ಪಡೆದ ತಮಿಳಿಗಿರುವಷ್ಟು ಪಠ್ಯ, ನಿಘಂಟುಗಳು ಇದಕ್ಕೆ ಸಿಗುವುದಿಲ್ಲ. ಓದಿಗಾಗಿ ಕಲಿಯುವವರು ತಮಿಳನ್ನೇ ಆರಿಸಿಕೊಳ್ಳಲಿ. ಭೋಜಪುರಿ ಸಹೋದ್ಯೋಗಿಗಳೊಡನೆ ದಿನವೂ ಒಡನಾಡುವವರಿಗೆ ಆ ನುಡಿಯೇ ಮೇಲು.