ಕಳಚಿಡಬಹುದಾದ ಪೆದ್ದುತನ

ಪ್ರದರ್ಶನ ಮುಗಿದ ಮೇಲೆ ನಮ್ಮ ಚಿತ್ರಸಮಾಜದ ಚರ್ಚೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ಇದು ಮಧ್ಯಮವರ್ಗದ ಸೋಗಿನ ವಿರುದ್ಧ ಬಂಡಾಯ, ಸ್ವಾತಂತ್ರ್ಯದ ಪರಮಾವಧಿ" ಎಂದರು. ನಾನು ಕೈ ಎತ್ತಲಿಲ್ಲ. ಅರ್ಧದಷ್ಟು ಜನ ಆಗಲೇ ಎದ್ದು ಹೋಗಿದ್ದರು. ಉಳಿದವರಲ್ಲಿ ಡೌನ್ ಸಿಂಡ್ರೋಮ್ ಇರುವ ತಮ್ಮನನ್ನು ಮನೆಯಲ್ಲಿ ಬಿಟ್ಟು ಬಂದವಳು ಬಹುಶಃ ನಾನೊಬ್ಬಳೇ. ಅಂದು ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿತ್ರ 'ದಿ ಇಡಿಯಟ್ಸ್', 1998ರದು. ನಿರ್ದೇಶಕ ಡೆನ್ಮಾರ್ಕಿನ ಲಾರ್ಸ್ ವಾನ್ ಟ್ರಯರ್. ಇವನೂ ಥಾಮಸ್ ವಿಂಟರ್‌ಬರ್ಗ್ ಎಂಬಾತನೂ ಸೇರಿ 1995ರಲ್ಲಿ 'ಡಾಗ್ಮ 95' ಎಂದು ಹತ್ತು ನಿಯಮಗಳನ್ನು ಹೊರಡಿಸಿದ್ದರು. ಸೆಟ್ ಹಾಕಕೂಡದು, ಕ್ಯಾಮೆರಾ ಕೈಯಲ್ಲೇ ಇರಬೇಕು, ವಿಶೇಷ ದೀಪ ಕೂಡದು, ಸಂಗೀತ ಬೇಕಿದ್ದರೆ ಚಿತ್ರೀಕರಣದ ಜಾಗದಲ್ಲೇ ನುಡಿಯಬೇಕು, ನಿರ್ದೇಶಕನ ಹೆಸರು ಪರದೆಯ ಮೇಲೆ ಬರಕೂಡದು. ನಮ್ಮಜ್ಜಿಯ ಮಡಿಯೂ ಇಷ್ಟು ಬಿಗಿಯಾಗಿರಲಿಲ್ಲ. ಆ ಮಡಿಯಲ್ಲಿ ತಯಾರಾದ ಎರಡನೆಯ ಚಿತ್ರ ಇದು. ಕೆಲವು ಕಡೆ ಮೈಕು ಚೌಕಟ್ಟಿನೊಳಗೆ ಇಣುಕುತ್ತದೆ, ತೆಗೆದು ಹಾಕುವ ಗೋಜಿಗೆ ಹೋಗಿಲ್ಲ. ಕ್ಯಾಮೆರಾದ ಓಲಾಟ ಘಾಟಿ ರಸ್ತೆಯ ಬಸ್ಸಿನ ಹಿಂದಿನ ಸೀಟಿನಂತಿದೆ. ಮೊದಲ ಹದಿನೈದು ನಿಮಿಷ ನನಗೆ ಹೊಟ್ಟೆ ತೊಳಸಿತು.

ಕೋಪನ್‌ಹೇಗನ್ನಿನ ಉತ್ತರಕ್ಕಿರುವ ಸೊಲ್ಲೆರೋಡ್ ಎಂಬ ಅನುಕೂಲಸ್ಥರ ಊರು. ಸ್ಟೋಫರ್ ಎಂಬವನ ಚಿಕ್ಕಪ್ಪನದೋ ದೊಡ್ಡಪ್ಪನದೋ ಖಾಲಿ ಮನೆ. ಮಾರಿಕೊಡು ಎಂದು ಒಪ್ಪಿಸಿದ್ದ ಮನೆಯಲ್ಲಿ ಇವನು ಗೆಳೆಯರ ಗುಂಪು ಕಟ್ಟಿಕೊಂಡು ಠಿಕಾಣಿ ಹೂಡಿದ್ದಾನೆ. ಇವರ ಕಸುಬು ಹೊರಗೆ ಹೋಗಿ ಬುದ್ಧಿಮಾಂದ್ಯರಂತೆ ನಟಿಸುವುದು. ತಮ್ಮೊಳಗಿನ ಪೆದ್ದನನ್ನು ಹುಡುಕುತ್ತಿದ್ದೇವೆ ಎಂಬುದು ಇದಕ್ಕೆ ಅವರು ಕೊಡುವ ಸಮಜಾಯಿಷಿ.

ಶುರುವಿನಲ್ಲೇ ಹೋಟೆಲಿನ ದೃಶ್ಯವೊಂದಿದೆ. ಕರೆನ್ ಎಂಬ ಮೆತ್ತನೆಯ ಹೆಂಗಸು ಒಬ್ಬಳೇ ಊಟಕ್ಕೆ ಕುಳಿತಿದ್ದಾಳೆ. ಪಕ್ಕದಲ್ಲಿ ಈ ಗುಂಪಿನ ಗಲಾಟೆ, ಮಾಣಿಗಳಿಗೆ ಮುಜುಗರ. ಸ್ಟೋಫರ್ ಅವಳ ಕೈ ಹಿಡಿದವನು ಬಿಡುವುದಿಲ್ಲ. ಅವಳು ಮರುಕದಿಂದ ಅವರ ಜೊತೆ ಟ್ಯಾಕ್ಸಿ ಹತ್ತುತ್ತಾಳೆ. ಒಳಗೆ ಕುಳಿತ ಕೂಡಲೇ ಎಲ್ಲರೂ ಗೊಳ್ಳೆಂದು ನಗುತ್ತಾರೆ. ಸಭಾಂಗಣದಲ್ಲೂ ಕೆಲವರು ನಕ್ಕರು.

ನಾನು ತಮ್ಮನನ್ನು ಹೋಟೆಲಿಗೆ ಕರೆದುಕೊಂಡು ಹೋಗುವುದಕ್ಕೆ ಒಂದು ಕ್ರಮವಿದೆ. ಮಧ್ಯಾಹ್ನ ಮೂರೂವರೆ, ಊಟ ಮುಗಿದು ಸಂಜೆಯ ತಿಂಡಿಯ ಗದ್ದಲ ಶುರುವಾಗುವ ಮೊದಲು. ಗೋಡೆಯ ಬದಿಯ ಮೇಜು, ಅವನ ಮುಖ ಗೋಡೆಗೆ. ಸಾಂಬಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕುಡಿಯುವ ಅಭ್ಯಾಸ ಅವನದು. ಅದಕ್ಕೇ ಬಿಸಿ ಆರುವವರೆಗೆ ಬಟ್ಟಲು ನನ್ನ ಕಡೆ ಇರುತ್ತದೆ. ಅವನಿಗೆ ಮೂವತ್ತೆಂಟು ವರ್ಷ. ಮಾಣಿ ಮಾತ್ರ ಇಂದಿಗೂ ನನ್ನನ್ನೇ ಕೇಳುತ್ತಾನೆ: "ಅವರಿಗೇನು ಬೇಕು?" ನಾವು ಹೊರಗೆ ಬಂದು ಆಟೋ ಹತ್ತಿದ ಮೇಲೆ ನಗುವುದಕ್ಕೆ ಏನೂ ಇರುವುದಿಲ್ಲ. ಆಟೋದಲ್ಲೂ ಅವನು ಅವನೇ.

ನನ್ನ ತಕರಾರು ಇಷ್ಟೇ: ಸ್ಟೋಫರನ ಗುಂಪಿನ ಸ್ವಾತಂತ್ರ್ಯವನ್ನು ಸಂಜೆ ಕಳಚಿ ಗೂಟಕ್ಕೆ ನೇತುಹಾಕಬಹುದು. ಹೊಟ್ಟೆ ತುಂಬಿದವರ ಆಟ ಅದು. ಆದರೆ ಈ ತಕರಾರು ಚಿತ್ರಕ್ಕೂ ಗೊತ್ತಿದೆ ಎಂಬುದು ನನಗೆ ಹೊಳೆದದ್ದು ಸ್ವಲ್ಪ ತಡವಾಗಿ.

ಒಂದು ದೃಶ್ಯದಲ್ಲಿ ಡೌನ್ ಸಿಂಡ್ರೋಮ್ ನಿಜಕ್ಕೂ ಇರುವ ಕೆಲವರು ಆ ಮನೆಗೆ ಬರುತ್ತಾರೆ. ನಟನೆಯಲ್ಲ, ಅದೇ ಮುಖ, ಅದೇ ಕಣ್ಣು, ನಮ್ಮ ಮನೆಯಲ್ಲಿ ಬೆಳಗ್ಗೆ ಏಳುವ ಮುಖ. ಅಲ್ಲಿಯವರೆಗೆ ಜಗತ್ತಿಗೇ ಪಾಠ ಹೇಳುತ್ತಿದ್ದ ಸ್ಟೋಫರನಿಗೆ ಅವರೆದುರು ಕಸಿವಿಸಿ. ಅಸಲಿ ನಾಣ್ಯ ಮೇಜಿನ ಮೇಲೆ ಬಿದ್ದಾಗ ಖೋಟಾ ನಾಣ್ಯದವನಿಗೆ ಆಗುವಂಥದ್ದು. ಟ್ರಯರನ ಮೇಲೂ ನನಗೆ ಸಿಟ್ಟಿದೆ. ಒರೆಗಲ್ಲಿನ ಹಾಗೆ ಅವರನ್ನು ತಂದು, ಉಜ್ಜಿ ನೋಡಿ, ಕೆಲವೇ ನಿಮಿಷಗಳಲ್ಲಿ ಕಳುಹಿಸಿಬಿಡುತ್ತಾನೆ. ಎರಡು ಗಂಟೆಯ ಚಿತ್ರದಲ್ಲಿ ಅವರಿಗೆ ಸಿಕ್ಕ ಪಾಲು ಅಷ್ಟೇ.

ಇನ್ನೊಂದು ದೃಶ್ಯವನ್ನು ಮಾತ್ರ ಮನಸಾರೆ ಮೆಚ್ಚಿದೆ. ಗುಂಪಿನ ಯೆಪ್ಪೆ ಎಂಬ ಹುಡುಗನನ್ನು ಮೈತುಂಬ ಹಚ್ಚೆಯಿರುವ ಬೈಕ್ ಸವಾರರ ನಡುವೆ ಕೂರಿಸಿ ಸ್ಟೋಫರ್ ಎದ್ದು ಹೋಗುತ್ತಾನೆ. ಸೋಗು ಬಯಲಾದರೆ ಎಲುಬು ಮುರಿದಾರು ಎಂದು ಹುಡುಗ ಒಳಗೇ ನಡುಗುತ್ತಿದ್ದಾನೆ. ಅವರೋ ಅವನನ್ನು ಶೌಚಕ್ಕೆ ಕರೆದುಕೊಂಡು ಹೋಗುತ್ತಾರೆ, ಮೂತ್ರ ಮಾಡಲು ನೆರವಾಗುತ್ತಾರೆ. ಒರಟು ಕೈಗಳಿಗೆ ಆ ಕೆಲಸದಲ್ಲಿ ಅಸಹ್ಯವೇ ಇಲ್ಲ. ಊರು ದೂರ ಇಟ್ಟವರಿಗೆ ಈ ಕೆಲಸ ಸಲೀಸು. ಸೊಲ್ಲೆರೋಡಿನ ಸಭ್ಯರಿಗೆ ಬಾರದು. ಆ ಒಂದು ತುಣುಕನ್ನು ಮೊಬೈಲಿನಲ್ಲಿ ತಮ್ಮನಿಗೆ ತೋರಿಸಿದೆ. ಗಮನವಿಟ್ಟು ನೋಡಿ, "ಅವನ ಅಕ್ಕ ಎಲ್ಲಿ?" ಎಂದು ಕೇಳಿದ.

ಗುಂಪಿನ ರತಿಯ ದೃಶ್ಯದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಮರೆಮಾಚದೆ ತೋರಿಸಿದ್ದಾನೆ, ನಮ್ಮಲ್ಲಿ ಜನ ಎದ್ದು ಹೋದದ್ದೂ ಆಗಲೇ. ನನಗೆ ಅದು ಬೇಸರ ತರಿಸಿತು, ಆಘಾತವನ್ನಲ್ಲ.

ನಿಜವಾದ ಪರೀಕ್ಷೆ ಕೊನೆಯಲ್ಲಿದೆ. ಅಪರಿಚಿತರ ಎದುರು ಸಾಕು, ನಿಮ್ಮ ನಿಮ್ಮ ಮನೆಯವರ ಎದುರು, ಕೆಲಸದ ಜಾಗದಲ್ಲಿ ಇದನ್ನು ಮಾಡಿ ತೋರಿಸಿ ಎಂದು ಸ್ಟೋಫರ್ ಪಟ್ಟು ಹಿಡಿಯುತ್ತಾನೆ. ಬಾಟಲಿ ತಿರುಗಿಸಿ ಸರದಿ ನಿಶ್ಚಯಿಸುತ್ತಾರೆ. ಹೆಂಡತಿ ಮಗು ಇರುವ ಆಕ್ಸೆಲ್ ಒಲ್ಲೆ ಎನ್ನುತ್ತಾನೆ. ಚಿತ್ರಕಲೆಯ ಮೇಷ್ಟರು ಹೆನ್ರಿಕ್ ತನ್ನ ತರಗತಿಯ ವಯಸ್ಸಾದ ಹೆಂಗಸರ ಮುಂದೆ ನಿಂತು, ಆಗದೆ, ಸುಮ್ಮನಾಗುತ್ತಾನೆ. ಮರ್ಯಾದೆ ಇರುವವರಿಗೆ ಅದನ್ನು ಕಳೆದುಕೊಳ್ಳುವ ಭಯವೂ ಇರುತ್ತದೆ. ಆಗ ಕರೆನ್, ನಾನು ಮಾಡುತ್ತೇನೆ ಎನ್ನುತ್ತಾಳೆ. ಜೊತೆಗೆ ಸುಸಾನೆ ಎಂಬವಳು ಹೋಗುತ್ತಾಳೆ.

ಇಲ್ಲಿಂದ ಮುಂದೆ ಚಿತ್ರದ ಗುಟ್ಟು ಬಿಟ್ಟುಕೊಡುತ್ತೇನೆ, ಬೇಡವೆಂದರೆ ಓದಬೇಡಿ. ಕರೆನ್‌ಳ ಹಸುಗೂಸು ತೀರಿಕೊಂಡಿದೆ. ಅಂತ್ಯಕ್ರಿಯೆಯ ಹಿಂದಿನ ದಿನ ಮನೆ ಬಿಟ್ಟವಳು ಅವಳು. ಈಗ ಮನೆಯವರು ಕಾಫಿ, ಕೇಕು ಇಟ್ಟುಕೊಂಡು ಕುಳಿತಿದ್ದಾರೆ. ಮಾತು ಬಿಗಿದುಕೊಂಡಿದೆ. ಕರೆನ್ ಕೇಕು ಬಾಯಿಗಿಟ್ಟು, ಅಗಿಯುತ್ತ ಅಗಿಯುತ್ತ ಅದು ತುಟಿಯಿಂದ ಗಲ್ಲಕ್ಕೆ ಇಳಿಯಲು ಬಿಡುತ್ತಾಳೆ. ಗಂಡ ಕೆನ್ನೆಗೆ ಬಾರಿಸುತ್ತಾನೆ.

ಸೋದರತ್ತೆಯ ಮಗಳ ಮದುವೆಯಲ್ಲಿ ತಮ್ಮನ ಬಾಯಿಂದ ಶಾವಿಗೆ ಪಾಯಸ ಹೀಗೆಯೇ ಇಳಿದಿತ್ತು. ಇಡೀ ಪಂಕ್ತಿ ತಲೆ ತಗ್ಗಿಸಿ ಎಲೆ ನೋಡಿಕೊಂಡು ಉಂಡಿತು. ಬಡಿಸುವವನು ನಮ್ಮೆರಡು ಎಲೆ ದಾಟಿ ಮುಂದೆ ಹೋದ. ಕರೆನ್‌ಳ ಮನೆಯ ಮೇಜಿನ ಸುತ್ತ ಅದೇ ಮೌನ. ಬೊಡಿಲ್ ಯೋರ್ಗನ್‌ಸನ್ ಎಂಬ ನಟಿ ಅಲ್ಲಿ ಅಳುವುದೂ ಇಲ್ಲ, ಬೇಡುವುದೂ ಇಲ್ಲ. ಗುಂಪಿನವರಿಗೆ ಆಟವಾಗಿದ್ದದ್ದು ಇವಳೊಬ್ಬಳಿಗೆ ದುಃಖ ಹೊರಹಾಕುವ ದಾರಿ. ಚರ್ಚೆಯ ಹಿರಿಯರು ಹೇಳಿದ ಸ್ವಾತಂತ್ರ್ಯ ಇವಳಲ್ಲಿದೆ ಎಂದರೆ ಒಪ್ಪುತ್ತೇನೆ. ಅದನ್ನು ಯಾರೂ ಆಸೆಪಟ್ಟು ಬೇಡಿಕೊಳ್ಳಲಾರರು.

ಮನೆಮಂದಿಯ ಜೊತೆ ಕುಳಿತು ನೋಡುವ ಚಿತ್ರ ಇದಲ್ಲ. ಡ್ಯಾನಿಶ್ ಮಾತು, ಕೆಳಗೆ ಇಂಗ್ಲಿಷ್ ಅಡಿಬರಹ. ಪೂರ್ತಿಯಾಗಿ ಇನ್ನೊಮ್ಮೆ ನಾನು ನೋಡಲಾರೆ. ಕೊನೆಯ ಹತ್ತು ನಿಮಿಷವನ್ನು ಮಾತ್ರ ಆಮೇಲೆ ಎರಡು ಸಲ ನೋಡಿದೆ, ತಮ್ಮ ಮಲಗಿದ ಮೇಲೆ, ಧ್ವನಿ ಕಡಿಮೆ ಮಾಡಿಕೊಂಡು.